ಸರಪಳಿ ಎಷ್ಟು ಉದ್ದ?

2007ರಲ್ಲಿ ಜಪಾನಿನ ಕ್ಯೋಟೊದಲ್ಲಿ ತಕಾವೊ ಕಾಟೊ ಎಸ್ಕೇಪ್ ರೂಮ್ ಶುರುಮಾಡಿದಾಗ ಅದು ಒಗಟು ಬಿಡಿಸಿ ಕೋಣೆಯಿಂದ ಹೊರಬರುವ, ಬರೀ ತಲೆ ಓಡಿಸುವ ಆಟ. ಆಮೇಲೆ ಕೋಣೆಯೊಳಗೆ ಒಬ್ಬ ನಟನನ್ನೂ ಬಿಟ್ಟರು ನೋಡಿ, ಆಟದ ರುಚಿಯೇ ಬದಲಾಯಿತು.

ಈ ಬಗೆಯಲ್ಲಿ ನನ್ನ ಮೆಚ್ಚುಗೆ ಅಮೆರಿಕದ ‘ಟ್ರ್ಯಾಪ್ಡ್ ಇನ್ ಎ ರೂಮ್ ವಿತ್ ಎ ಝಾಂಬಿ’ ಆಟಕ್ಕೆ. ಅವಧಿ 60 ನಿಮಿಷ. ಗೋಡೆಗೆ ಸರಪಳಿಯಿಂದ ಬಿಗಿದ ಒಂದು ಝಾಂಬಿ. 5 ನಿಮಿಷಕ್ಕೊಮ್ಮೆ ಸದ್ದಾಗಿ ಸರಪಳಿ ಒಂದಡಿ ಸಡಿಲವಾಗುತ್ತದೆ. ಝಾಂಬಿ ಮುಟ್ಟಿತೋ, ನೀವು ಔಟ್. ಕೂತಲ್ಲಿಂದ ಬಾಯಿಮಾತಿನ ನೆರವು ಕೊಡಬಹುದು ಅಷ್ಟೆ. ಅಂದರೆ ನಟನೇ ಇಲ್ಲಿ ಗಡಿಯಾರ. ಕತ್ತಲಲ್ಲಿ ಕಿರುಚಿ ಮಾಯವಾಗುವ ಮುಖವಾಡ ಎರಡನೇ ಸಲಕ್ಕೇ ಹಳಸುತ್ತದೆ. ಸರಪಳಿ ಹಾಗಲ್ಲ, ಅಪಾಯ ಎಲ್ಲಿಯವರೆಗೆ ಬರುತ್ತದೆಂದು ಕಣ್ಣಿಗೆ ಕಾಣುತ್ತದೆ, ಆದರೂ ಎದೆ ಹೊಡೆದುಕೊಳ್ಳುತ್ತದೆ.

ಮಕ್ಕಳ ಜೊತೆ ಹೋಗುವವರಿಗೆ ಇದೇ ಮುಖ್ಯ. ಅಳೆಯಬಹುದಾದ ಭಯವನ್ನು ಮಕ್ಕಳು ಆಟವಾಗಿಸಿಕೊಳ್ಳುತ್ತಾರೆ. ಅಕ್ಕ ಝಾಂಬಿಯನ್ನು ರೇಗಿಸಿ ಆ ಮೂಲೆಗೆ ಸೆಳೆದರೆ, ತಮ್ಮ ಈ ಮೂಲೆಯ ಡ್ರಾಯರಿನಿಂದ ಬೀಗದ ಕೈ ಎತ್ತುತ್ತಾನೆ. ಅಷ್ಟು ಹೊತ್ತೂ ದೊಡ್ಡವರು ಗೋಡೆಗೆ ಬೆನ್ನು ಒತ್ತಿಕೊಂಡು ಚರ್ಚೆ ನಡೆಸಿರುತ್ತಾರೆ. (ಎಲ್ಲ ಬಲ್ಲ ಚಿಕ್ಕಪ್ಪ ಒಬ್ಬರಿದ್ದರಂತೂ ಮುಗಿಯಿತು.) ಅಳೆಯಲಾಗದ ಭಯದ ಕಥೆ ಬೇರೆ. ಕರಾವಳಿಯ ಬಯಲಾಟದಲ್ಲಿ ಮಹಿಷಾಸುರ ದೊಂದಿ ಬೆಳಕಿನಲ್ಲಿ ಜನರ ನಡುವಿನಿಂದಲೇ ಆರ್ಭಟಿಸುತ್ತಾ ಬಂದಾಗ ಮಗುವಿಗೆ ಅಮ್ಮನ ಸೆರಗಾದರೂ ಇರುತ್ತದೆ. ಎಷ್ಟು ನೋಡಬೇಕೆಂಬುದು ಅದರ ಕೈಯಲ್ಲೇ ಇದೆ. ಎಸ್ಕೇಪ್ ರೂಮಿನಲ್ಲಿ ಆ ಸೆರಗನ್ನು ನಾವೇ ಹೊಂದಿಸಬೇಕು. ಆಟ ನಿಲ್ಲಿಸಲು ಒಂದು ಮಾತು ಮೊದಲೇ ಗೊತ್ತುಮಾಡಿ, ಅದನ್ನು ಹೇಳುವ ಹಕ್ಕು ಅತಿ ಚಿಕ್ಕವರಿಗೂ ಇರಲಿ. ಅವರು ಹೇಳಿದ ಮೇಲೆ ‘ಇಷ್ಟಕ್ಕೇ ಹೆದರಿದೆಯಾ’ ಎಂದು ನಗುವವರನ್ನು ಮುಂದಿನ ಸಲ ಕರೆದೊಯ್ಯಬೇಡಿ. ಯಾರಿಗೆ ಕತ್ತಲೆಂದರೆ ಆಗದು, ಯಾರನ್ನು ಮುಟ್ಟಬಾರದು ಎಂಬುದನ್ನು ಸಿಬ್ಬಂದಿಯ ಕಿವಿಗೆ ಮೊದಲೇ ಹಾಕಿ. ಒಳ್ಳೆಯ ನಟ ಅತಿ ಹೆಚ್ಚು ಹೆದರಿದವರ ಬೆನ್ನು ಹತ್ತುವುದಿಲ್ಲ. ಹೆದರಿಲ್ಲವೆಂದು ಬೀಗುವವರನ್ನು ಹುಡುಕಿ ಹೋಗುತ್ತಾನೆ. ಎಂಟರ ಒಳಗಿನವರಿಗೆ ನಟರಿಲ್ಲದ ಕೋಣೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಬಾಗಿಲು. 2019ರ ಜನವರಿ 4ರಂದು ಪೋಲೆಂಡಿನ ಕೊಷಾಲಿನ್‌ನಲ್ಲಿ ಹುಟ್ಟುಹಬ್ಬ ಆಚರಿಸಲು ಎಸ್ಕೇಪ್ ರೂಮಿಗೆ ಹೋಗಿದ್ದ 15ರ ವಯಸ್ಸಿನ ಐವರು ಹುಡುಗಿಯರು ಬೆಂಕಿ ಅನಾಹುತದಲ್ಲಿ ಸತ್ತರು. ಅಲ್ಲಿ ತುರ್ತು ನಿರ್ಗಮನ ದಾರಿ ಇರಲಿಲ್ಲ. ಆಮೇಲೆ ಸರ್ಕಾರ ದೇಶದುದ್ದಕ್ಕೂ ತಪಾಸಣೆ ನಡೆಸಿ ಅನೇಕ ಕೋಣೆಗಳನ್ನು ಮುಚ್ಚಿಸಿತು. ಬಾಗಿಲಿಗೆ ಬೀಗ ಹಾಕಿದಂತೆ ತೋರಬೇಕೇ ಹೊರತು ನಿಜಕ್ಕೂ ಹಾಕಬಾರದು. ಟಿಕೆಟ್ ಕೊಳ್ಳುವ ಮುನ್ನ ಕೇಳಿ: ಒಳಗಿನಿಂದ ಬಾಗಿಲು ತೆಗೆಯುವುದು ಹೇಗೆ? ತೆಗೆದು ತೋರಿಸಲು ಹಿಂದೆಮುಂದೆ ನೋಡಿದರೆ, ಮಕ್ಕಳಿಗೆ ಐಸ್‌ಕ್ರೀಂ ಕೊಡಿಸಿ ಮನೆಗೆ ಕರೆದುಕೊಂಡು ಬನ್ನಿ.