ಸತ್ತವನ ಮೇಲೆ ವಿಚಾರಣೆ

ಗ್ರಹಾಂ ಸ್ಟೇನ್ಸ್ ಕುರಿತ ‘ದಿ ಲೀಸ್ಟ್ ಆಫ್ ದೀಸ್’ (2019) ಚಿತ್ರದಲ್ಲಿ ಒಬ್ಬ ಪತ್ರಕರ್ತ ಬರುತ್ತಾನೆ. ಒರಿಸ್ಸಾದಲ್ಲಿ ಕುಷ್ಠರೋಗಿಗಳ ಆರೈಕೆ ಮಾಡುವ ಆಸ್ಟ್ರೇಲಿಯದ ಈ ಮನುಷ್ಯ ಅವರನ್ನು ಮತಾಂತರಿಸುತ್ತಿದ್ದಾನೆಂಬುದಕ್ಕೆ ಪುರಾವೆ ಹುಡುಕುವುದು ಅವನ ಕೆಲಸ. ಕೊನೆಗೆ ಅವನಿಗೆ ಕಾಣುವುದು ಸೇವೆ ಮಾತ್ರ. ಸ್ಟೇನ್ಸ್ ನಿರ್ದೋಷಿ! ಚಿತ್ರ ಮಾಡಿದವರ ಮನಸ್ಸು ಒಳ್ಳೆಯದೇ. ನಮ್ಮ ತಕರಾರು ಇಷ್ಟೇ: ಪುರಾವೆ ಸಿಕ್ಕಿಬಿಟ್ಟಿದ್ದರೆ?

1999ರ ಜನವರಿ 22ರ ರಾತ್ರಿ ಮನೋಹರಪುರದಲ್ಲಿ, ವಾಹನದೊಳಗೆ ಮಲಗಿದ್ದ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನು ಜೀವಂತ ಸುಡಲಾಯಿತು. 1965ರಿಂದ ಇಲ್ಲಿದ್ದು ಬಾರಿಪಾದದ ಕುಷ್ಠಾಶ್ರಮ ನೋಡಿಕೊಂಡಿದ್ದ ಅವರು ಮಿಷನರಿಯೂ ಹೌದು. ಅದನ್ನವರು ಮುಚ್ಚಿಟ್ಟಿರಲಿಲ್ಲ. ಅಂದು ಅಲ್ಲಿಗೆ ಹೋದದ್ದೂ ಕ್ರೈಸ್ತರ ಶಿಬಿರಕ್ಕೇ. ಹುಣ್ಣು ತೊಳೆದ ಕೈಯೂ ಬೈಬಲ್ ಹಿಡಿದ ಕೈಯೂ ಒಂದೇ ಆಗಿತ್ತು. ಚಿತ್ರ ಒಂದನ್ನು ತೋರಿಸಲು ಇನ್ನೊಂದನ್ನು ಮರೆಮಾಡುತ್ತದೆ. ಉರ್ದುವಿನಲ್ಲಿ ನಾವು ನಿಯ್ಯತ್ ಎನ್ನುವುದನ್ನು ತೂಗುವ ತಕ್ಕಡಿ ಯಾವ ಸಂತೆಯಲ್ಲಿದೆ? ಪುಣ್ಯ ಬರಲೆಂದು ಅನ್ನ ಹಾಕುವವನೂ ಏನನ್ನೋ ಬಯಸಿಯೇ ಹಾಕುತ್ತಾನೆ. ಆಮಿಷ ಒಡ್ಡಿದ್ದೇ ನಿಜವಾದರೆ ಒರಿಸ್ಸಾದಲ್ಲಿ 1967ರಿಂದಲೇ ಕಾಯ್ದೆಯಿತ್ತು, ಪೊಲೀಸ್ ಠಾಣೆಯೂ ಇತ್ತು.

ಚಿತ್ರವನ್ನಷ್ಟೇ ದೂರುವುದೇಕೆ? 2011ರಲ್ಲಿ ದಾರಾ ಸಿಂಗ್‌ನ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯುವಾಗ ಸುಪ್ರೀಂ ಕೋರ್ಟೇ, ಸ್ಟೇನ್ಸರ ಧಾರ್ಮಿಕ ಚಟುವಟಿಕೆಗೆ ಪಾಠ ಕಲಿಸುವ ಉದ್ದೇಶ ಕೊಲೆಯ ಹಿಂದಿತ್ತು ಎಂದು ಬರೆಯಿತು. ಟೀಕೆ ಬಂದಾಗ ನಾಲ್ಕೇ ದಿನದಲ್ಲಿ ಆ ಮಾತನ್ನು ತೆಗೆದುಹಾಕಿತು ಕೂಡ.

ಇನ್ನೊಂದು ಮಗ್ಗುಲೂ ಇದೆ. 2009ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ ನಮ್ಮ ಟೀವಿ ವಾಹಿನಿಗಳು ಇಡೀ ಆಸ್ಟ್ರೇಲಿಯಕ್ಕೇ ಜನಾಂಗದ್ವೇಷಿಯೆಂದು ಹಣೆಪಟ್ಟಿ ಕಟ್ಟಿದವು. ಅಮಿತಾಭ್ ಬಚ್ಚನ್ ಅಲ್ಲಿನ ವಿಶ್ವವಿದ್ಯಾಲಯವೊಂದರ ಗೌರವ ಡಾಕ್ಟರೇಟ್ ನಿರಾಕರಿಸಿದರು. ಹೊರಗೆ ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಮಾತಾಡಬೇಡಿ ಎಂದು ಅಲ್ಲಿನ ಪೊಲೀಸರು ವಿದ್ಯಾರ್ಥಿಗಳಿಗೇ ಬುದ್ಧಿ ಹೇಳಿದಾಗ ನಮಗೆ ಮೈ ಉರಿಯಿತು. ಉರಿಯಬೇಕಾದದ್ದೇ. ಆದರೆ ಹತ್ತು ವರ್ಷ ಮುಂಚೆ ಅದೇ ದೇಶದವನನ್ನು ಇಲ್ಲಿ ಸುಟ್ಟಾಗ ‘ಇದು ಭಾರತವಲ್ಲ, ಕೆಲವರ ಕೃತ್ಯ’ ಎಂದು ಲೋಕಕ್ಕೆ ಹೇಳಿದ ನಾವೇ, ಮನೆಯೊಳಗೆ ‘ಅವನಿಗಾದರೂ ಇಲ್ಲೇನು ಕೆಲಸ?’ ಎಂದು ಪಿಸುಗುಟ್ಟಿದೆವು. ಮೆಲ್ಬರ್ನಿನ ಪೊಲೀಸರ ಮಾತಿಗೂ ಈ ಪಿಸುಮಾತಿಗೂ ಬಹಳ ದೂರವಿಲ್ಲ.

ಗ್ಲಾಡಿಸ್ ಸ್ಟೇನ್ಸ್ ಕೊಲೆಗಾರರನ್ನು ಕ್ಷಮಿಸಿದ್ದೇನೆ ಎಂದರು. ಗಂಡ, ಮಕ್ಕಳನ್ನು ಮಣ್ಣು ಮಾಡಿದ ಊರಿನಲ್ಲೇ 2004ರ ತನಕ ಉಳಿದು ರೋಗಿಗಳನ್ನು ನೋಡಿಕೊಂಡರು. ಮರುವರ್ಷ ಸರಕಾರ ಅವರಿಗೆ ಪದ್ಮಶ್ರೀ ನೀಡಿತು.