ಕಿವಿಯ ಅಕ್ಷರ, ಕಣ್ಣಿನ ಅಕ್ಷರ

ಹಳೆಯ ಕಂಪ್ಯೂಟರುಗಳಿಗೆ ಜೀವ ಕೊಡುವ ಹವ್ಯಾಸದ ಬಗ್ಗೆ ನನಗೊಂದು ತಕರಾರಿದೆ. ಕೆಪಾಸಿಟರ್ ಬದಲಿಸಿ, ಫ್ಲಾಪಿ ಡ್ರೈವು ಒರೆಸಿ, ಇಷ್ಟೆಲ್ಲ ಪಾಡುಪಟ್ಟು ಕೊನೆಗೆ ಅದರಲ್ಲಿ ಓಡಿಸುವುದು ಆಟ. ಪ್ರಿನ್ಸ್ ಆಫ್ ಪರ್ಷಿಯಾದ ರಾಜಕುಮಾರ ಒಮ್ಮೆ ಜಿಗಿದರೆ ಯಂತ್ರ ಬದುಕಿತು ಎಂದು ಲೆಕ್ಕ. ಅದರ ಮುಂದೆ ಕೂತು ಯಾರಾದರೂ ಕನ್ನಡ ಬರೆದಿದ್ದರೆ ಅದೇನಾಯಿತು ಎಂದು ಕೇಳುವವರು ಕಡಿಮೆ.

ಕೊರಟಗೆರೆಯ ನಮ್ಮ ಮನೆಯ ಅಟ್ಟದಿಂದ ಅಪ್ಪನ 386 ಇಳಿಸಿದಾಗ ನಾನೂ ಆಟದ ಆಸೆಯಲ್ಲೇ ಇದ್ದೆ. ತುಮಕೂರಿನ ಯಾವುದೋ ಹರಾಜಿನಲ್ಲಿ ಅಪ್ಪ ಕೊಂಡು ತಂದ ಪೀಸಿ ಅದು. ಮೇಷ್ಟರಾಗಿದ್ದ ಅವರು ಸಿದ್ಧರಬೆಟ್ಟದ ಆಸುಪಾಸಿನ ಊರುಗಳಲ್ಲಿ ಹೆಂಗಸರು ಹಾಡುತ್ತಿದ್ದ ಸೋಬಾನೆ ಪದಗಳನ್ನು ಕೇಳಿ ಬರೆದುಕೊಂಡು, ರಾತ್ರಿ ಅದರಲ್ಲಿ ಟೈಪಿಸುತ್ತಿದ್ದರು. ಮದರ್‌ಬೋರ್ಡಿನ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದಿತ್ತು. ವಿನೆಗರ್ ಹಚ್ಚಿ ತೊಳೆದು, ಕಡಿದುಹೋದ ಎರಡು ಗೆರೆಗಳಿಗೆ ತಂತಿ ಬೆಸೆಯಬೇಕಾಯಿತು. ಒಳಗೆ ಮಾಮೂಲಿ ಕಾರ್ಡುಗಳ ಪಕ್ಕ ಉದ್ದನೆಯದೊಂದು ಇತ್ತು. ಜಿಸ್ಟ್ ಕಾರ್ಡು.

ಈ ಕಾರ್ಡಿನ ಕತೆ ಈಗಿನ ವಿದ್ಯಾರ್ಥಿಗಳಿಗೆ ಗೊತ್ತಿರಲಾರದು. 1980ರ ದಶಕದಲ್ಲಿ ಐಐಟಿ ಕಾನ್ಪುರದಲ್ಲಿ ಶುರುವಾದ ಕೆಲಸ, ಮುಂದೆ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆಯಿತು. ಡಾಸ್‌ನ ಇಂಗ್ಲಿಷ್ ತಂತ್ರಾಂಶಕ್ಕೆ ಕನ್ನಡದ ಗಂಧವಿಲ್ಲ. ಅದಕ್ಕೆ ಕಾಣುವುದು ಬರೀ ಸಂಖ್ಯೆ. ಮೊದಲ 128 ಸಂಖ್ಯೆ ಇಂಗ್ಲಿಷಿಗೆ, ಉಳಿದ ಅರ್ಧ ನಮ್ಮ ಅಕ್ಷರಗಳಿಗೆ. ಈ ಏರ್ಪಾಡಿನ ಹೆಸರು ಇಸ್ಕಿ. ಆ ಸಂಖ್ಯೆಗಳನ್ನು ಕನ್ನಡವಾಗಿ ಪರದೆಗೆ ಬಿಡಿಸುವುದು ಕಾರ್ಡಿನ ಪಾಲು. ಕಾರ್ಡಿಲ್ಲದೆ ಅದೇ ಫೈಲು ತೆರೆದರೆ ಕಾಣುವುದು ಗ್ರೀಕ್ ಅಕ್ಷರ, ಚೌಕಟ್ಟಿನ ಗೆರೆ. ಹಿಂದೊಮ್ಮೆ ಇದನ್ನು ನೋಡಿದ ಅಂಗಡಿಯವರೊಬ್ಬರು ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಿ ಎಂದಿದ್ದರು. ಪುಣ್ಯಕ್ಕೆ ಅಪ್ಪ ಸೋಮಾರಿ.

ಡಾಸ್‌ಬಾಕ್ಸ್ ಇರುವಾಗ ಹಳೆ ಯಂತ್ರವೇಕೆ ಎನ್ನಬಹುದು. ಅದು ಮುಖ್ಯವಾಗಿ ಆಟಗಳಿಗೆಂದು ಕಟ್ಟಿದ್ದು. ಅದರಲ್ಲಿ ಸೌಂಡ್ ಬ್ಲಾಸ್ಟರ್ ಉಂಟು, ಜಿಸ್ಟ್ ಇಲ್ಲ. ಯಾವುದನ್ನು ಉಳಿಸಬೇಕೆಂದು ಯಾರು ತೀರ್ಮಾನಿಸಿದರು ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಕಾರ್ಡು ಹಾಕಿ ಚಾಲೂ ಮಾಡಿದೆ. ಅಕ್ಷರ ಅಂದವಾಗಿರಲಿಲ್ಲ, ಒತ್ತುಗಳು ಇಕ್ಕಟ್ಟಿನಲ್ಲಿ ಕೂತಿದ್ದವು. ಆದರೆ ಪದಗಳು ಇದ್ದವು. ಪಾವಗಡದ ಕಡೆಯಿಂದ ಸೊಸೆಯಾಗಿ ಬಂದವರು ಹಾಡಿದ ತೆಲುಗು ಪದಗಳನ್ನು ಅಪ್ಪ ಕನ್ನಡ ಲಿಪಿಯಲ್ಲೇ ಬರೆದಿದ್ದರು. ಲಿಪಿ ಬದಲಿಸಿದರೆ ಅದೇ ಫೈಲು ತೆಲುಗಿನಲ್ಲಿ ಕಾಣುತ್ತದೆ. ಇದು ಜಾದೂ ಅಲ್ಲ. ಇಸ್ಕಿ ಬರೆದಿಡುವುದು ಆಕಾರವನ್ನಲ್ಲ, ಉಚ್ಚಾರದ ಕ್ರಮವನ್ನು. ಆ ಕ್ರಮ ಎರಡು ಲಿಪಿಗಳಿಗೂ ಒಂದೇ.

ಇದಕ್ಕೆ ಎದುರಾಗಿ ನನ್ನ ಬಳಿ ಇನ್ನೊಂದು ಪಾಠವಿದೆ. ಕೆಲವು ವರ್ಷಗಳ ನಂತರ ಪುಸ್ತಕ ಮಾಡಿಸಲು ಅಪ್ಪ ಈ ಪದಗಳನ್ನು ಡಿಟಿಪಿ ಅಂಗಡಿಗೆ ಕೊಟ್ಟರು. ಅಲ್ಲಿನ ಯಂತ್ರಕ್ಕೆ ಈ ಫೈಲು ತಿಳಿಯದು, ಪ್ರಿಂಟು ನೋಡಿಕೊಂಡು ಮತ್ತೆ ಟೈಪಿಸಿದರು. ಆಗ ವಿಂಡೋಸ್ ಫಾಂಟುಗಳ ಕಾಲ. ಅಕ್ಷರ ಮುದ್ದಾಗಿತ್ತು, ಕಾರ್ಡಿನ ಖರ್ಚಿರಲಿಲ್ಲ, ಪೇಜ್‌ಮೇಕರಿನಲ್ಲಿ ಪುಟ ಸಲೀಸಾಗಿ ಕಟ್ಟಬಹುದಿತ್ತು. ಅವು ಗೆದ್ದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅವು ಉಳಿಸಿದ್ದು ಆಕಾರವನ್ನು. ‘ಸೂರ್ಯ’ ಎನ್ನುವಾಗ ಕಿವಿಗೆ ‘ರ್’ ಮೊದಲು, ‘ಯ’ ಆಮೇಲೆ. ಕಣ್ಣಿಗೆ ‘ಯ’ ಮೊದಲು, ಅರ್ಕಾವೊತ್ತು ಕೊನೆಗೆ. ಆ ಫೈಲಿನಲ್ಲಿ ಕಣ್ಣಿನ ಕ್ರಮವೇ ಇದೆ. ಆ ಫಾಂಟು ಇಲ್ಲದಿದ್ದರೆ ಓದಲಾಗದು, ಪದಗಳನ್ನು ಅಕಾರಾದಿಯಾಗಿ ಜೋಡಿಸಲಾಗದು. 1991ರಲ್ಲಿ ಬಂದ ಯೂನಿಕೋಡ್ ನಮ್ಮ ಲಿಪಿಗಳಿಗೆ 1988ರ ಇಸ್ಕಿಯನ್ನೇ ಆಧಾರ ಮಾಡಿಕೊಂಡಿತು. ಹಾಗಾಗಿ ಅಪ್ಪನ ಹಳೆಯ ಫೈಲು ಇವತ್ತಿನ ಫೋನಿಗೆ ಹೆಚ್ಚು ಹತ್ತಿರ, ಆಮೇಲಿನದೇ ದೂರ. ತಂತ್ರಜ್ಞಾನ ಮುಂದಕ್ಕೇ ಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಎಡವುತ್ತದೆ.

ಇಷ್ಟೇ ಆಗಿದ್ದರೆ ಈ ವಿಷಯವನ್ನು ತಂತ್ರಜ್ಞರಿಗೆ ಬಿಟ್ಟು ಸುಮ್ಮನಿರುತ್ತಿದ್ದೆ. ಎರಡು ಪಾಠಗಳನ್ನು ಪಕ್ಕದಲ್ಲಿಟ್ಟು ಓದಿದಾಗ ಬೇರೆಯದೇ ಕಂಡಿತು. ಅಪ್ಪ ‘ಬತ್ತವ್ಳೆ’ ಎಂದು ಬರೆದಲ್ಲೆಲ್ಲ ಪುಸ್ತಕದಲ್ಲಿ ‘ಬರುತ್ತಾಳೆ’ ಆಗಿದೆ. ಟೈಪಿಸಿದವರು ತಪ್ಪು ತಿದ್ದುತ್ತಿದ್ದೇವೆಂದೇ ನಂಬಿದ್ದಿರಬೇಕು. ಐದು ಮಾತ್ರೆಯ ಜಾಗಕ್ಕೆ ಆರು ಬಂದು ಸಾಲು ಕುಂಟುತ್ತದೆ. ನಮ್ಮ ಸೀಮೆಯ ಸೋಬಾನೆಗೆ ಲಯದ ಬಿಗಿ ಕಡಿಮೆ ಎಂದು ಆ ಪುಸ್ತಕ ಓದಿದ ಗೆಳೆಯರೊಬ್ಬರು ಹಿಂದೆ ನನ್ನೊಡನೆ ವಾದಿಸಿದ್ದರು. ನಾನೂ ತಲೆದೂಗಿದ್ದೆ. ಕುಂಟಿದ್ದು ಹಾಡಿದವರಲ್ಲ, ಪುಸ್ತಕ.

ತಾಳೆಗರಿಗೆ ಪಾಠಾಂತರ ನೋಡುವ ನಮ್ಮ ಸಂಪಾದಕರು ಫ್ಲಾಪಿಗೂ ಅದೇ ಮರ್ಯಾದೆ ಕೊಡಬೇಕು. 1990ರ ದಶಕದ ಬರಹದ ಮೂಲಪ್ರತಿ ಎಷ್ಟೋ ಸಲ ಕಾಗದದಲ್ಲಿಲ್ಲ.

ಅಪ್ಪನ ಹನ್ನೊಂದು ಫ್ಲಾಪಿಗಳಲ್ಲಿ ಒಂಬತ್ತು ಓದಿಸಿಕೊಂಡವು. ಉಳಿದೆರಡಕ್ಕೆ ಬೂಸಲು ಹಿಡಿದಿದೆ. ಒಂದರ ಮೇಲೆ ಅಪ್ಪನ ಕೈಯಲ್ಲಿ ‘ಜಯಮಂಗಲಿ ದಡದ ಊರುಗಳು’ ಎಂದಿದೆ. ಹಾಡಿದವರಲ್ಲಿ ಇಬ್ಬರು ಇನ್ನೂ ಇದ್ದಾರೆ. ಫ್ಲಾಪಿ ಒರೆಸುವ ಮೊದಲು ಅವರ ಮನೆಗೆ ಹೋಗಿಬರಬೇಕು.