ಸ್ಟೇಟಸ್ಸಿನಲ್ಲಿ ಅಜ್ಜ

ರಾತ್ರಿ ಊಟ ಮುಗಿಸಿ ಫೋನು ತೆರೆದರೆ ಸ್ಟೇಟಸ್ಸಿನ ಸಾಲಿನಲ್ಲಿ ಚಕ್ಕುಲಿ. ಬೇಕರಿಯ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಐದಾರು ಚಕ್ಕುಲಿ, ಪಕ್ಕದಲ್ಲಿ ವೀಳ್ಯದೆಲೆ, ಅಡಿಕೆ, ಹಿಂದೆ ಕೆಂಪು ಕಲ್ಲಿನ ಕಟ್ಟೆ. ಮೇಲೆ ಒಂದೇ ಸಾಲು: ಮೂರು ದಿನದಿಂದ ಕಾಣದಿದ್ದ ಪಾಸ್‌ಪೋರ್ಟ್ ಸಿಕ್ಕಿತು, ಅಜ್ಜನಿಗೆ ಕೊಟ್ಟ ಮಾತು ತೀರಿಸಿದೆ. ಮಂಗಳೂರಿನಲ್ಲಿ ಯಾವ ಅಜ್ಜ ಎಂದು ಯಾರೂ ಕೇಳುವುದಿಲ್ಲ.

ಘಟ್ಟದ ಮೇಲಿನ ಓದುಗರಿಗಾಗಿ ಎರಡು ಮಾತು. ಕೊರಗಜ್ಜ ತುಳುನಾಡಿನ ದೈವ. ಏನಾದರೂ ಕಳೆದುಹೋದರೆ ಇಲ್ಲಿಯವರು ನೆನೆಯುವುದು ಅವನನ್ನು. ಅವನು ಕೇಳುವುದೂ ಹೆಚ್ಚೇನಲ್ಲ: ಚಕ್ಕುಲಿ, ವೀಳ್ಯ, ಒಂದಿಷ್ಟು ಕಳ್ಳು. ದೇವಸ್ಥಾನದ ಸೇವಾಪಟ್ಟಿ ಓದಿ ಕಿಸೆ ಮುಟ್ಟಿಕೊಳ್ಳುವವನಿಗೂ ನಿಲುಕುವ ಹರಕೆ. ಕಟ್ಟೆಯಲ್ಲಿದ್ದ ಅಜ್ಜ ರಿಕ್ಷಾದ ಹಿಂದಿನ ಗಾಜಿಗೆ, ಬಸ್ಸಿನ ಮುಂದಿನ ಗಾಜಿಗೆ, ಅಲ್ಲಿಂದ ಫೇಸ್‌ಬುಕ್ಕಿಗೆ, ವಾಟ್ಸ್‌ಆ್ಯಪ್ಪಿಗೆ, ರೀಲ್ಸಿಗೆ ಬಂದದ್ದು ನಮ್ಮ ಕಣ್ಣೆದುರೇ. ತನ್ನ ನಂಬಿಕೆಯನ್ನು, ಅದರ ಜೊತೆಗೆ ತಾನು ಯಾರೆಂಬುದನ್ನು, ಫೋನಿನಲ್ಲಿ ಹತ್ತು ಜನರ ಮುಂದಿಡುವ ಈ ರೂಢಿಯನ್ನು ಒಂದು ಪುಸ್ತಕದ ಹಾಗೆ ಓದಿದರೆ ಏನು ಕಂಡೀತು ಎಂಬ ಕುತೂಹಲ ನನ್ನದು. ದೈವ ಉಂಟೋ ಇಲ್ಲವೋ ಎಂಬ ವಾದ ಇಲ್ಲಿ ಬೇಡ. ನಾನೂ ಹರಕೆ ಹೇಳಿಕೊಂಡವನೇ.

ಮೆಚ್ಚಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಈ ಬರಹಗಳಲ್ಲಿ ಎಲ್ಲಕ್ಕಿಂತ ಸೊಗಸಾದವು ‘ಸಿಕ್ಕಿತು’ ಕಥೆಗಳು. ಗಲ್ಫಿನ ಕೋಣೆಯಲ್ಲಿ ಕಾಣೆಯಾದ ಗುರುತಿನ ಚೀಟಿ, ಮದುವೆ ಹಾಲ್‌ನಲ್ಲಿ ಬಿದ್ದ ಬೆಂಡೋಲೆ, ಸಂಜೆಗೆ ಹಟ್ಟಿಗೆ ಬಾರದ ದನ. ಬರೆಯುವವರಾರೂ ಕತೆಗಾರರಲ್ಲ. ಆದರೂ ಕತೆಗೆ ಬೇಕಾದದ್ದೆಲ್ಲ ಅಲ್ಲಿರುತ್ತದೆ. ಯಾವಾಗ ಕಳೆಯಿತು, ಯಾರ ಮೇಲೆ ಅನುಮಾನ ಹೋಯಿತು, ಅತ್ತೆ ಏನಂದರು, ಹರಕೆ ಹೇಳಿ ಎಷ್ಟು ಹೊತ್ತಿಗೆ ಅಕ್ಕಿ ಡಬ್ಬಿಯೊಳಗೆ ಹೊಳೆಯಿತು. ಕೆಲಸಕ್ಕೆ ಬರುವ ಹೆಂಗಸಿನ ಮೇಲೆ ಸುಮ್ಮನೆ ಸಂಶಯಪಟ್ಟೆನಲ್ಲ ಎಂದು ನಾಚಿಕೊಂಡು ಬರೆದ ಒಂದು ಸಾಲನ್ನು ಒಮ್ಮೆ ಓದಿದ್ದೆ. ಅಂಥ ಸಾಲು ನಮ್ಮ ಕಥಾಸಂಕಲನಗಳಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಬರೆದವರ ಹೆಸರಿನ ಕೊನೆಯಲ್ಲಿ ಶೆಟ್ಟಿ, ಪೂಜಾರಿ ಎಂದೇ ಇರಬೇಕೆಂದಿಲ್ಲ, ಡಿಸೋಜ ಎಂದಿದ್ದರೂ ಇಲ್ಲಿ ಯಾರಿಗೂ ಅಚ್ಚರಿಯಿಲ್ಲ. ಕಳೆದುಹೋದದ್ದನ್ನು ಹುಡುಕಿಕೊಡಲು ಕ್ರೈಸ್ತರಿಗೆ ಸಂತ ಅಂತೋನಿ ಇದ್ದಾರೆ. ನಮ್ಮ ಪಕ್ಕದ ಮನೆಯ ಕ್ರೈಸ್ತ ಬಾಯಿ ಸರದ ಪದಕ ಸಿಕ್ಕಿದಾಗ, “ಇಬ್ಬರಿಗೂ ಹೇಳಿದ್ದೆ, ಯಾರು ಕೊಟ್ಟರೋ ಗೊತ್ತಾಗ್ಲಿಲ್ಲ. ಇಬ್ಬರಿಗೂ ಕೊಟ್ಟುಬಿಟ್ಟೆ” ಎಂದಿದ್ದರು. ಒಬ್ಬರಿಗೆ ಮೇಣದಬತ್ತಿ, ಇನ್ನೊಬ್ಬರಿಗೆ ಚಕ್ಕುಲಿ. ಇದನ್ನು ಅವರು ಎಲ್ಲೂ ಹಾಕಿಕೊಳ್ಳಲಿಲ್ಲ, ಬೇಲಿಯ ಆಚೆ ನಿಂತು ಹೇಳಿದರು.

ಆದರೆ ಈ ಹಂಚಿಕೆಗೆ ಅಜ್ಜನೇ ಒಂದು ತಕರಾರು ಇಟ್ಟಿದ್ದಾನೆ. ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟಿನಲ್ಲಿ ಎಡಕ್ಕೆ ತಿರುಗಿ ದೇರಳಕಟ್ಟೆಯ ಕಡೆ ಹೋದರೆ ಕುತ್ತಾರು. ಅಜ್ಜನ ಆದಿಸ್ಥಳವೆಂದು ಹೆಸರಾದ ದೆಕ್ಕಾಡು ಅಲ್ಲೇ. ದೈವವನ್ನು ಮೈಮೇಲೆ ಬರಿಸಿಕೊಳ್ಳುವ ಆರಾಧನೆಗೆ ಇಲ್ಲಿ ನೇಮ, ಕೋಲ ಎನ್ನುತ್ತಾರೆ. ಬೇರೆ ದೈವಗಳ ನೇಮವೆಂದರೆ ದೀವಟಿಗೆ, ತೆಂಗಿನ ಗರಿಯ ಸೂಟೆ, ಈಗೀಗ ಟ್ಯೂಬ್‌ಲೈಟು, ಎಲ್‌ಇಡಿ ಪರದೆ. ಕುತ್ತಾರಿನ ಕೋಲಕ್ಕೆ ಬೆಳಕೇ ಇಲ್ಲ. ಸುತ್ತಲ ಮನೆಗಳ ದೀಪವೂ ಆರುತ್ತದೆ, ಫೋಟೊ ತೆಗೆಯುವ ಮಾತೇ ಇಲ್ಲ. ಅಲ್ಲಿ ದೈವವನ್ನು ಕಿವಿಯಿಂದ ಕಾಣಬೇಕು. 2024ರ ಜುಲೈಯಲ್ಲಿ ಕ್ರಿಕೆಟಿಗ ಕೆ.ಎಲ್. ರಾಹುಲ್, ನಟಿ ಕತ್ರಿನಾ ಕೈಫ್ ಮೊದಲಾದವರು ಕುತ್ತಾರಿಗೆ ಬಂದು ಹೋದ ಸುದ್ದಿ ದೇಶವೆಲ್ಲ ಹರಿದಾಡಿತು. ಕೋಲದ್ದು ಮಾತ್ರ ಒಂದು ಚಿತ್ರವನ್ನೂ ನಾನು ಕಾಣಲಿಲ್ಲ. ಅಷ್ಟು ದೊಡ್ಡವರ ಕ್ಯಾಮೆರಾಗಳನ್ನೂ ಕತ್ತಲೆ ಹೊರಗೇ ನಿಲ್ಲಿಸಿತು.

ಹಾಗೆ ಕತ್ತಲೆಯನ್ನೇ ಕಟ್ಟಳೆ ಮಾಡಿಕೊಂಡ ದೈವವೇ ಇವತ್ತು ನಮ್ಮ ಪರದೆಗಳಲ್ಲಿ ಎಲ್ಲರಿಗಿಂತ ಹೆಚ್ಚು ಬೆಳಗುತ್ತಿದೆ. ಕಂಪ್ಯೂಟರಿನಲ್ಲಿ ಬರೆದ ಚಿತ್ರ: ಉಬ್ಬಿದ ಸ್ನಾಯು, ಉರಿಯುವ ಕಣ್ಣು, ಸುತ್ತ ಕಿಡಿ, ಹಿನ್ನೆಲೆಗೆ ಎದೆ ನಡುಗಿಸುವ ಸಂಗೀತ. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಕಂಡ ಮೇಲೆ ದೈವಗಳೆಲ್ಲ ಹೀಗೆ ಒಂದೇ ಅಚ್ಚಿಗೆ ಬಿದ್ದವು. ಪಂಜುರ್ಲಿಯೂ ಕೂಗಬೇಕು, ಗುಳಿಗನೂ ಕೂಗಬೇಕು, ಪಾಪ, ಮುಪ್ಪಿನ ಅಜ್ಜನೂ ಕೂಗಬೇಕು. 2025ರಲ್ಲಿ ಅದರ ಹಿಂದಿನ ಕಥೆಯ ಸಿನಿಮಾ ಬಂದಾಗ ಕೆಲವರು ಚಿತ್ರಮಂದಿರದಲ್ಲೇ ದೈವದ ಹಾಗೆ ಕುಣಿದು ವಿಡಿಯೊ ಮಾಡಿಕೊಂಡರು. ಹಾಗೆಲ್ಲ ಮಾಡಬೇಡಿ ಎಂದು ಸಿನಿಮಾ ಮಾಡಿದವರೇ ಕೇಳಿಕೊಳ್ಳಬೇಕಾಯಿತು. ಸಿನಿಮಾದ ತಪ್ಪು ಎಷ್ಟು, ನೋಡಿದವರದು ಎಷ್ಟು ಎಂದು ಅಳೆಯುವ ತಕ್ಕಡಿ ನನ್ನ ಬಳಿ ಇಲ್ಲ. ಮೂವತ್ತು ಸೆಕೆಂಡಿನ ರೀಲಿಗೆ ಕೂಗು ಹಿಡಿಸುತ್ತದೆ, ಕಾಯುವಿಕೆ ಹಿಡಿಸುವುದಿಲ್ಲ ಎಂಬುದಷ್ಟು ಗೊತ್ತು. ದೈವ ಕಟ್ಟುವವನಿಗೆ ಎಣ್ಣೆ ಬೂಳ್ಯ ಕೊಡುವುದು, ಬಣ್ಣ ಹಚ್ಚಿಕೊಳ್ಳುವುದು, ದೈವದ ಕಥೆಯ ಹಾಡಾದ ಪಾಡ್ದನ ಹೇಳುವುದು, ಗಂಟೆಗಟ್ಟಲೆ ಚಾಪೆಯ ಮೇಲೆ ತೂಕಡಿಸುವ ಮಕ್ಕಳು, ಇವೆಲ್ಲ ಕತ್ತರಿಗೆ ಹೋಗುವ ಭಾಗ. ದೈವ ಕಟ್ಟುವ ನಲಿಕೆ, ಪಂಬದ, ಪರವ ಸಮುದಾಯದ ಕಲಾವಿದ ಮರುದಿನ ಬೆಳಿಗ್ಗೆ ಬಣ್ಣ ತೊಳೆದು ಬಸ್ಸಿಗೆ ಕಾಯುವುದನ್ನು ಯಾರಾದರೂ ರೀಲ್ ಮಾಡಿದ್ದನ್ನು ನಾನು ಕಂಡಿಲ್ಲ.

ಕತ್ತರಿಗೆ ಹೋದದ್ದು ಇಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಪಾಡ್ದನದಲ್ಲಿ ಇವನ ಹೆಸರು ಕೊರಗ ತನಿಯ. ಊರು ದೂರವಿಟ್ಟ ಕೊರಗ ಸಮುದಾಯದ ದಿಕ್ಕಿಲ್ಲದ ಹುಡುಗ. ಅವನನ್ನು ಸಾಕಿದವಳು ಕಳ್ಳಿನ ಕಸುಬಿನ ಮನೆಯ ಮೈರಕ್ಕೆ ಬೈದೆದಿ. ಏಳು ಜನ ಹೊರುವ ಹೊರೆಯನ್ನು ಒಬ್ಬನೇ ದೇವಸ್ಥಾನಕ್ಕೆ ಹೊತ್ತು ತಂದವನನ್ನು ಒಳಗೆ ಬಿಡಲಿಲ್ಲ. ಹೊರೆ ಬೇಕಿತ್ತು, ಹೊತ್ತವನು ಬೇಡವಾಗಿದ್ದ. ಅಲ್ಲಿಂದ ಅವನು ಮಾಯಕ್ಕೆ ಸಂದು ದೈವವಾದ. ಊರಿಂದೂರಿಗೆ ವಿವರ ಬೇರೆಯಾದರೂ ಆ ಬಾಗಿಲು ಮಾತ್ರ ಕಥೆಯಿಂದ ಕದಲುವುದಿಲ್ಲ. ಹರೆಯದಲ್ಲೇ ಮಾಯವಾದವನನ್ನು ಊರು ಅಜ್ಜ ಎಂದು ಕರೆಯಿತಲ್ಲ, ಅದರಲ್ಲೇ ಒಂದು ತಪ್ಪೊಪ್ಪಿಗೆ ಇದೆಯೇನೋ ಎಂದು ನನಗೆ ಅನ್ನಿಸುವುದುಂಟು.

ಈಗ ಫಾರ್ವರ್ಡ್ ಆಗಿ ಬರುವ ‘ಮಹಿಮೆ’ಗಳನ್ನು ಓದಿ. ತನಿಯ ಇಲ್ಲ, ಸ್ವಾಮಿ ಕೊರಗಜ್ಜ. ಹಲವು ಬರಹಗಳಲ್ಲಿ ಅವನು ಶಿವನ ಅಂಶ. ಹುಟ್ಟು, ಜಾತಿ, ಬಾಗಿಲು ಎಲ್ಲ ಎರಡು ಸಾಲಿನಲ್ಲಿ ತೇಲಿ, ‘ಕಾರಣಿಕ’ ಎಂಬ ಮಾತು ನಾಲ್ಕು ಸಲ ಬಂದು, ಏಳು ಜನರಿಗೆ ಕಳಿಸಿ ಎಂಬಲ್ಲಿಗೆ ಮುಗಿಯುತ್ತದೆ. ಕೆಳಗೆ ನೂರಾರು ಕೈಮುಗಿದ ಗುರುತು, ‘ಕಾಪುಲೆ ಅಜ್ಜ’, ಕಾಪಾಡು ಅಜ್ಜ ಎಂಬ ಮೊರೆ. ಭಕ್ತಿಗೆ ಕೊರತೆಯಿಲ್ಲ. ಆದರೆ ಶಿವನ ಅಂಶವಾದವನನ್ನು ಬಾಗಿಲಲ್ಲಿ ತಡೆದದ್ದು ಲೀಲೆಯಾಗುತ್ತದೆ. ಕೊರಗರ ಹುಡುಗನನ್ನು ತಡೆದದ್ದು ಅನ್ಯಾಯ. ಲೀಲೆಗೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ನಂಬಿಕೆಗೆ ಹೊರಗಿನ ಹೆಸರು ಅಂಟಿಸಿ ಹಂಚುವುದು ಈ ಊರಿಗೆ ಹೊಸತೇನಲ್ಲ.   ಇಲ್ಲಿ ನ್ಯಾಯಾಧೀಶರಾಗಿದ್ದ ಎ.ಸಿ. ಬರ್ನೆಲ್ ಕೂಡಿಸಿಟ್ಟ ಪಾಡ್ದನಗಳು ಅವರು ತೀರಿಕೊಂಡ ಮೇಲೆ, 1894ರಿಂದ, ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾದವು. ತಲೆಬರಹ ತುಳುವರ ‘ದೆವ್ವಪೂಜೆ’ ಎಂಬ ಅರ್ಥದ್ದು. ಆ ಪದಕ್ಕೆ ನಾವು ಇವತ್ತಿಗೂ ಸಿಡುಕುತ್ತೇವೆ, ಸಿಡುಕಬೇಕಾದದ್ದೇ. ಆದರೆ ತಲೆಬರಹ ಕೆಟ್ಟದಾದರೂ ಒಳಗೆ ಪಾಡ್ದನವನ್ನು ಹಾಡಿದ ಹಾಗೆ ಬರೆದುಕೊಂಡಿದ್ದರು. ನಮ್ಮ ಫಾರ್ವರ್ಡುಗಳಲ್ಲಿ ತಲೆಬರಹ ಚೆಂದ, ಒಳಗೆ ಪಾಡ್ದನ ಇಲ್ಲ.

‘ನಮ್ಮ ಅಜ್ಜ’ ಎನ್ನುವಾಗ ಆ ‘ನಮ್ಮ’ದೊಳಗೆ ಯಾರು ಯಾರಿದ್ದಾರೆ? ಈ ಪ್ರಶ್ನೆ ನನಗೆ ತಾನಾಗಿ ಹುಟ್ಟಲಿಲ್ಲ, ಹತ್ತು ದಿನಗಳ ಅಂತರದ ಎರಡು ಮದುವೆ ಹುಟ್ಟಿಸಿದವು. 2021ರ ಡಿಸೆಂಬರ್ 27ರ ರಾತ್ರಿ, ಉಡುಪಿ ಜಿಲ್ಲೆಯ ಕೋಟತಟ್ಟಿನ ಕೊರಗ ಕಾಲನಿಯಲ್ಲಿ ಮೆಹಂದಿ. ಹಾಡಿನ ಸದ್ದು ಹೆಚ್ಚಾಯಿತೆಂದು ಬಂದ ಪೊಲೀಸರು ಮದುಮಗನೆಂದೂ ನೋಡದೆ ಲಾಠಿ ಬೀಸಿದರು. ಮುಂದೆ ಎಸ್‌ಐ ಅಮಾನತಾದರು. 2022ರ ಜನವರಿ ಮೊದಲ ವಾರದಲ್ಲಿ, ವಿಟ್ಲ ಕಡೆಯ ಸಾಲೆತ್ತೂರಿನ ಒಂದು ಮುಸ್ಲಿಂ ಮದುವೆಯಲ್ಲಿ ಮದುಮಗ ತಲೆಗೆ ಅಡಿಕೆ ಹಾಳೆಯ ಟೊಪ್ಪಿಯಾದ ಮುಟ್ಟಾಳೆ ಇಟ್ಟು, ಮುಖಕ್ಕೆ ಮಸಿ ಬಳಿದು ಬಂದ. ಕೊರಗಜ್ಜನ ವೇಷವೆಂದು ವಿಡಿಯೊ ಹರಿಯಿತು, ಕೇಸಾಯಿತು. ವೇಷ ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ನನ್ನ ಫೋನಿನ ಲೆಕ್ಕವನ್ನಷ್ಟೇ ಹೇಳುತ್ತೇನೆ. ಸಾಲೆತ್ತೂರಿನ ವಿಡಿಯೊ ಒಂದೇ ದಿನದಲ್ಲಿ ಒಂಬತ್ತು ಗುಂಪುಗಳಿಂದ ಬಂತು, ಜೊತೆಗೆ ಕುದಿಯುವ ಮಾತು. ಕೋಟತಟ್ಟಿನದು ಬಂದದ್ದು ಎರಡೇ ಕಡೆಯಿಂದ, ಅದೂ ಪತ್ರಕರ್ತ ಮಿತ್ರರಿಂದ. ಕೊರಗಜ್ಜನಿಗೆ ಆದ ಅವಮಾನಕ್ಕೆ ಒಂಬತ್ತು, ಕೊರಗ ಮದುಮಗನ ಬೆನ್ನಿಗೆ ಬಿದ್ದ ಪೆಟ್ಟಿಗೆ ಎರಡು.

ಮುಟ್ಟಾಳೆ ಮತ್ತು ಮಸಿಯ ವಿಷಯವೂ ಅಷ್ಟು ಸರಳವಲ್ಲ. ಅಷ್ಟಮಿ, ನವರಾತ್ರಿಗಳಲ್ಲಿ ಮೈಗೆ ಮಸಿ ಬಳಿದು ‘ಕೊರಗ ವೇಷ’ ಹಾಕಿ ಕುಣಿದು ಕಾಸು ಕೇಳುವುದು ಕರಾವಳಿಯಲ್ಲಿ ಬಹುಕಾಲ ನಡೆದು ಬಂದ ತಮಾಷೆ. ಕೊರಗರು ಅದು ಬೇಡ ಎನ್ನುತ್ತ ಬಂದರು. ಅದಕ್ಕಿಂತ ಘೋರವಾದದ್ದು ಅಜಲು: ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸಿ ಮನೆಯ ರೋಗವನ್ನು ಅವರ ಮೇಲೆ ದಾಟಿಸುವುದು, ಕೂಲಿ ಕೊಡದೆ ಡೋಲು ಬಡಿಸುವುದು. ಅದನ್ನು ನಿಲ್ಲಿಸಲು ಕರ್ನಾಟಕ ಸರ್ಕಾರ ಕಾನೂನನ್ನೇ ತರಬೇಕಾಯಿತು, 2000ದಲ್ಲಿ. ಅಂದರೆ ನನ್ನ ಮಗಳ ವಯಸ್ಸಿನ ಕಾನೂನು.

ನಮ್ಮ ಬಡಾವಣೆಯ ವಾರ್ಷಿಕೋತ್ಸವದ ಛದ್ಮವೇಷದಲ್ಲಿ ಕಳೆದ ವರ್ಷ ಆರು ವರ್ಷದ ಹುಡುಗನೊಬ್ಬ ಕೊರಗಜ್ಜನಾಗಿ ಬಂದ. ಕಾಡಿಗೆ ಬಳಿದ ಮೈ, ಹಾಳೆಯ ಮುಟ್ಟಾಳೆ, ಕೈಯಲ್ಲೊಂದು ಕೋಲು. ಜನರನ್ನು ಕಂಡು ಹೆದರಿ ಕಣ್ಣೀರು ಸುರಿಸಿದಾಗ ಕಾಡಿಗೆ ಕೆನ್ನೆಯ ಮೇಲೆ ಎರಡು ಗೆರೆಯಾಗಿ ಇಳಿಯಿತು. ಮೊದಲ ಬಹುಮಾನ ಅವನಿಗೇ. ತಾಯಿ ಹಾಕಿದ ವಿಡಿಯೊಗೆ ರಾತ್ರಿಯೊಳಗೆ ಎಷ್ಟೋ ಹೃದಯಗಳು. ಸಾಲೆತ್ತೂರಿನ ಮದುಮಗನ ಮೇಲೆ ಕೆಂಡ ಕಾರಿದ್ದ ನಮ್ಮ ಗುಂಪಿನ ಹಿರಿಯರೊಬ್ಬರೂ ಹೃದಯ ಒತ್ತಿದ್ದರು. ಅದೇ ಮಸಿ, ಅದೇ ಮುಟ್ಟಾಳೆ. ಹಾಕಿದವನು ಯಾರು ಎಂಬುದರ ಮೇಲೆ ಒಂದು ಅವಮಾನ, ಒಂದು ಭಕ್ತಿ. ಎರಡೂ ಕಡೆ ಕೊರಗರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಸ್ಟೇಟಸ್ಸಿಗೂ ಕೋಲಕ್ಕೂ ಇರುವ ದೊಡ್ಡ ವ್ಯತ್ಯಾಸ ನನಗೆ ಈ ಕೇಳುವುದರಲ್ಲೇ ಕಾಣುವುದು. ಕೋಲದಲ್ಲಿ ನೀವು ಅರಿಕೆ ಮಾಡಿಕೊಂಡರೆ ದೈವ ತಿರುಗಿ ಕೇಳುತ್ತದೆ. ಹೋದ ವರ್ಷ ತಮ್ಮನ ಪಾಲಿನ ಬಗ್ಗೆ ಕೊಟ್ಟ ಮಾತು ಏನಾಯಿತು ಎಂದು ಹತ್ತು ಸಮಸ್ತರ ಎದುರು ಕೇಳಿಬಿಟ್ಟರೆ ಕಾಲಡಿಯ ನೆಲ ಬಿಸಿಯಾಗುತ್ತದೆ. ಸುತ್ತ ನಿಂತವರಿಗೆ ನಿಮ್ಮ ಮನೆ ಗೊತ್ತು, ಜಾಗದ ತಗಾದೆ ಗೊತ್ತು. ಅಲ್ಲಿ ‘ನಾನು ಭಕ್ತ’ ಎಂದಷ್ಟೇ ಹೇಳಿ ಪಾರಾಗಲು ಬರುವುದಿಲ್ಲ. ಸ್ಟೇಟಸ್ಸಿನ ಭಕ್ತನನ್ನು ಯಾರೂ ಏನೂ ಕೇಳುವುದಿಲ್ಲ. ಇಪ್ಪತ್ತನಾಲ್ಕು ಗಂಟೆ ಕಳೆದರೆ ಮಾತೇ ಮಾಯ. ‘ಸಿಕ್ಕಿತು’ ಕಥೆಗಳನ್ನು ನಾನು ಮೆಚ್ಚುವುದೂ ಇದೇ ಕಾರಣಕ್ಕೆ. ಅವುಗಳಲ್ಲಿ ಇನ್ನೂ ಒಂದು ಲೆಕ್ಕ ಒಪ್ಪಿಸುವ ಗುಣ ಉಳಿದಿದೆ. ಕೇಳಿದ್ದೆ, ಸಿಕ್ಕಿತು, ಕೊಟ್ಟೆ.

ಇಷ್ಟೆಲ್ಲ ಬರೆದವನ ಲೆಕ್ಕವನ್ನೂ ಒಪ್ಪಿಸಬೇಕು. ಈ ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯ ಜಾಗದ ಕಾಗದಪತ್ರದ ಫೈಲು ಕಾಣದಾಯಿತು. ಎರಡು ಕಪಾಟು, ಮೂರು ಟ್ರಂಕು, ಅಟ್ಟ ಎಲ್ಲ ಜಾಲಾಡಿ ಸುಸ್ತಾದ ಮೇಲೆ ಹೆಂಡತಿ, “ಅಜ್ಜನಿಗೆ ಹೇಳಿದ್ದೀರಾ?” ಎಂದಳು. ಹೇಳಿದೆ. ನಾಲ್ಕನೇ ದಿನ ಹಳೆಯ ಪಂಚಾಂಗಗಳ ಅಡಿಯಲ್ಲಿ ಸಿಕ್ಕಿತು. ಭಾನುವಾರ ಚಕ್ಕುಲಿ, ವೀಳ್ಯ, ಒಂದು ಬಾಟಲಿ ಕಳ್ಳು ಹಿಡಿದು ಕಟ್ಟೆಗೆ ಹೋಗಿ ಇಟ್ಟು ಬಂದೆ. ಶಾರ್ಜಾದಲ್ಲಿರುವ ತಂಗಿ ಮನೆಯ ಗುಂಪಿನಲ್ಲಿ, “ಅಣ್ಣ, ಒಂದು ಫೋಟೊ ಹಾಕು” ಎಂದಿದ್ದಳು. ತೆಗೆದಿದ್ದೆ. ಗುಂಪಿನಲ್ಲಿ ಬೀಗರಿದ್ದಾರೆ, ಮಗಳ ಮಾವ ಇದ್ದಾರೆ, ಅವರು ಕಟ್ಟಾ ಮಡಿಯವರು. ಬಾಟಲಿ ಇದ್ದ ಬದಿಯನ್ನು ಬೆರಳಿನಲ್ಲಿ ಎಳೆದು ಕತ್ತರಿಸಿ, ಚಕ್ಕುಲಿ ಮತ್ತು ಎಲೆ ಮಾತ್ರ ಉಳಿಸಿ ಹಾಕಿದೆ. ಚೆಂದ ಬಂದಿತ್ತು. ಕೈಮುಗಿದ ಗುರುತುಗಳು ಒಂದರ ಹಿಂದೆ ಒಂದು ಬಂದವು.

ಅಮ್ಮನಿಗೆ ಟೈಪು ಮಾಡಲು ಬರುವುದಿಲ್ಲ, ಮಾತು ಕಳಿಸುತ್ತಾಳೆ. ಹತ್ತು ನಿಮಿಷ ಬಿಟ್ಟು ಅವಳ ದನಿ ಎಲ್ಲರ ಫೋನಿನಲ್ಲೂ ತುಳುವಿನಲ್ಲಿ ಮೊಳಗಿತು.

“ಮಗಾ, ಕಲಿ ದೀತಿಜನಾ?” ಕಳ್ಳು ಇಟ್ಟಿಲ್ಲವಾ ಎಂದು.